ಗುಂಡುಕಲ್ಲು ಮಲಗಿದ ತೊಟ್ಟಿಲು

ಅದು ೧೯೭೯ರ ಬೇಸಿಗೆ. ಅಲ್ಲ, ೧೯೮೦ ಎನ್ನುವುದು ನನ್ನ ಹೆಂಡತಿ ಸುಮಿತ್ರಾಳ ವಾದ. ಬೇಸಿಗೆ ಎಂಬುದರಲ್ಲಿ ಮಾತ್ರ ಇಬ್ಬರಿಗೂ ಅನುಮಾನವಿಲ್ಲ. ಆಗ ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ನಲ್ಲಿಗಳಲ್ಲಿ ನೀರು ಬೆಳಿಗ್ಗೆ ಒಂದಷ್ಟು ಹೊತ್ತು, ಅದೂ ನೂಲಿನಷ್ಟು ಸಣ್ಣಗೆ ಬರುತ್ತಿತ್ತು. ನಾನು ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿ, ಠಾಣೆ-ಬೇಲಾಪುರ ರಸ್ತೆಯ ಒಂದು ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದೆ. ಕಣ್ಣಾರೆ ಕಂಡದ್ದನ್ನೂ ಎರಡನೇ ಸಲ ಪರೀಕ್ಷಿಸುವುದು ನನ್ನ ಉದ್ಯೋಗ. ಬರಬರುತ್ತ ಅದೇ ಸ್ವಭಾವವಾಯಿತು. ಈಗೀಗ ನನ್ನ ನೆನಪನ್ನೂ ನಾನು ಪೂರ್ತಿ ನಂಬುವುದಿಲ್ಲ. ಆದ್ದರಿಂದ ಈ ಅನುಭವ ಬರೆಯುವಾಗ ಅನುಮಾನ ಬಂದಲ್ಲಿ ಹಾಗೆಂದು ಹೇಳಿಬಿಡುತ್ತೇನೆ.

ಕಂಪನಿ ನನ್ನನ್ನು ಬಿಹಾರದ ಕಾರ್ಖಾನೆಗೆ ವರ್ಗ ಮಾಡಿತು. ಸಾಮಾನು ಸಾಗಿಸಲು ಅರ್ಧ ಲಾರಿ. ಉಳಿದರ್ಧ ನನ್ನ ಜೊತೆಗೇ ವರ್ಗವಾಗಿದ್ದ ಇನ್ನೊಬ್ಬರಿಗೆ. ಎರಡು ಕೋಣೆಯ ಮನೆಯಲ್ಲಿ ಎಂಥ ಸಾಮಾನು ಇದ್ದೀತು ಎಂದು ನಾನು ನಿಶ್ಚಿಂತನಾಗಿದ್ದೆ. ಮಂಚದ ಕೆಳಗಿನಿಂದ, ಬಾಗಿಲ ಹಿಂದಿನಿಂದ, ನೀರಿನ ಪೀಪಾಯಿಗಳ ಸಂದಿಯಿಂದ ಒಂದೊಂದೇ ಹೊರಬರತೊಡಗಿದಾಗ ಅರ್ಧ ಲಾರಿ ಎಷ್ಟು ಚಿಕ್ಕದೆಂದು ತಿಳಿಯಿತು. ಬೇಡವೆಂದು ನಾನು ಬಾಗಿಲ ಬಳಿ ಇಟ್ಟದ್ದನ್ನು ಸುಮಿತ್ರಾ ಸದ್ದಿಲ್ಲದೆ ಒಳಗೆ ಸೇರಿಸುತ್ತಿದ್ದಳು. ಅವಳು ರದ್ದಿಗೆಂದು ಕಟ್ಟಿಟ್ಟ ನನ್ನ ಕಾಲೇಜಿನ ಟಿಪ್ಪಣಿಗಳನ್ನು ನಾನು ಬಿಚ್ಚಿ ಓದುತ್ತ ಕೂರುತ್ತಿದ್ದೆ. ಹೀಗೆ ಒಂದು ವಾರ ಜಗಳದಲ್ಲೇ ಹೋಯಿತು.

ಇದನ್ನೆಲ್ಲ ಎದುರು ಮನೆಯ ಜಲಜಕ್ಕ, ಎಲ್ಲ ಮನೆಗಳ ಮುಂದೆ ಹಾದುಹೋಗುವ ಗ್ಯಾಲರಿಯಲ್ಲಿ ಬಟ್ಟೆ ಒಣಹಾಕುತ್ತ ಕೇಳಿಸಿಕೊಳ್ಳುತ್ತಿದ್ದರು. ಅವರು ಉಡುಪಿ ಕಡೆಯವರು. ಗಂಡ ಸ್ಟೇಷನ್ ಪಕ್ಕದ ಒಂದು ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದರು. ಮನೆಯಲ್ಲಿ ತುಳು, ನಮ್ಮೊಡನೆ ಕನ್ನಡ, ಉಳಿದ ಗ್ಯಾಲರಿಯೊಡನೆ ಮರಾಠಿ. ಯಾವ ಭಾಷೆಯಲ್ಲೂ ದನಿ ತಗ್ಗಿಸಿ ಮಾತಾಡಿದವರಲ್ಲ. ಒಂದು ಭಾನುವಾರ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ನೇರವಾಗಿ ಒಳಗೆ ಬಂದರು.

"ಎಂಥ ಪಾಟೀಲ್ರೇ, ನೀವು ಊರು ಬಿಡುವುದಾ, ಹೆಂಡತಿಯನ್ನು ಬಿಡುವುದಾ? ಮೊದಲು ಅದನ್ನು ಹೇಳಿ."

"ಇವರನ್ನ ಕೇಳಬ್ಯಾಡ್ರಿ ಜಲಜಕ್ಕಾ," ಎಂದಳು ಸುಮಿತ್ರಾ. "ಇವರ ಲೆಕ್ಕದಾಗ ಈ ಮನ್ಯಾಗ ಬೇಕಾದದ್ದು ಇವರ ಪುಸ್ತಕ ಒಂದ."

ಜಲಜಕ್ಕ ನಮ್ಮಿಬ್ಬರನ್ನೂ ನೆಲದ ಮೇಲೆ ಕೂರಿಸಿ ತಮ್ಮ ಕಾಯಿದೆ ಹೇಳಿದರು. "ಬೇಕಾ ಬೇಡ್ವಾ ಅಂತ ಕೇಳಿದ್ರೆ ಮನುಷ್ಯರಿಗೆ ಎಲ್ಲವೂ ಬೇಕು. ಹಾಗೆ ಕೇಳ್ಲಿಕ್ಕೇ ಇಲ್ಲ. ಇದನ್ನು ಕೊನೆಗೆ ಮುಟ್ಟಿದ್ದು ಯಾರು, ಅಷ್ಟೇ ಹೇಳಿ. ಮುಟ್ಟಿದವರು ತೀರ್ಮಾನ ಮಾಡುವುದು. ಇನ್ನೊಬ್ಬರದ್ದು ಬಾಯಿ ಬಂದ್."

ನನಗೆ ನಗು ಬಂತು. ಆದರೆ ಅದು ಕೆಲಸ ಮಾಡಿತು. ಅವರು ಒಂದೊಂದನ್ನೇ ಎತ್ತಿ ಹಿಡಿಯುತ್ತಿದ್ದರು, ನಾವು ಶಾಲೆಯ ಮಕ್ಕಳಂತೆ 'ನಾನು', 'ನಾನು' ಎನ್ನುತ್ತಿದ್ದೆವು. ಕೊನೆಗೆ ಮುಟ್ಟಿದವರು ಯಾರೆಂದು ಇಬ್ಬರಿಗೂ ನೆನಪಿಲ್ಲದ ವಸ್ತು ಚರ್ಚೆಯಿಲ್ಲದೆ ಗ್ಯಾಲರಿಗೆ. ಹಳೆಯ ಬಟ್ಟೆಗೆ ಬದಲು ಸ್ಟೀಲ್ ಪಾತ್ರೆ ಕೊಡುವ ಹೆಂಗಸು ಅಲ್ಲಿ ಬುಟ್ಟಿ ಇಳಿಸಿಕೊಂಡು ಕೂತಿದ್ದಳು. ನನ್ನ ಮದುವೆಯ ಸೂಟು ಬಂದಾಗ ನಾನು ತುಸು ಹಿಂದೆಮುಂದೆ ನೋಡಿದೆ.

"ಕೊನೆಗೆ ಹಾಕಿದ್ದು ಯಾವಾಗ?" ಎಂದರು ಜಲಜಕ್ಕ.

"ಮದುವೆಯಲ್ಲಿ."

"ಇನ್ನೊಂದು ಮದುವೆ ಉಂಟಾ?"

ಸೂಟು ಹೋಯಿತು, ಮುಚ್ಚಳವಿರುವ ಒಂದು ಡಬ್ಬಿ ಬಂತು. ಅದರಲ್ಲಿ ಈಗಲೂ ನಾವು ತೊಗರಿಬೇಳೆ ಇಡುತ್ತೇವೆ.

ಕೊನೆಗೆ ಉಳಿದದ್ದು ಅಡುಗೆಮನೆಯ ಮೇಲಿನ ಅಟ್ಟ. ನಾನೇ ಸ್ಟೂಲು ಹತ್ತಿ ಸಾಮಾನು ಇಳಿಸಿದೆ. ಆ ಹೊತ್ತಿಗೆ ಹಳೆಯ ಸಾಮಾನು ತೂಕಕ್ಕೆ ಕೊಳ್ಳುವ ಭಂಗಾರದವನೂ ತಕ್ಕಡಿ ಹಿಡಿದು ಬಾಗಿಲಲ್ಲಿ ನಿಂತಿದ್ದ. ಮುರಿದ ಫ್ಯಾನು, ಸ್ಟೋವಿನ ತಗಡು, ಕಬ್ಬಿಣದ ಮಡಚುವ ಮಂಚ, ಎಲ್ಲದರ ಮೇಲೂ ಸೀಮೆಎಣ್ಣೆಯ ಹೊಗೆ ಬೆರೆತ ಜಿಡ್ಡುಧೂಳು ಬೆರಳದಪ್ಪ ಕೂತಿತ್ತು. ಎಲ್ಲದರ ಹಿಂದೆ, ಹಳೆಯ ಚಾದರದಲ್ಲಿ ಸುತ್ತಿದ ತೊಟ್ಟಿಲು.

ಅದು ಕಲಘಟಗಿಯ ತೊಟ್ಟಿಲು, ಸಾಗುವಾನಿಯದು. ಮೇಲೆ ಅರಗಿನ ಕೆಂಪು ಹಳದಿ ಬಣ್ಣ, ಪಕ್ಕದಲ್ಲಿ ಗಿಳಿಗಳ ಚಿತ್ರ. (ನವಿಲು ಎಂದೇ ಬಹಳ ದಿನ ಅಂದುಕೊಂಡಿದ್ದೆ.) ಸುಮಿತ್ರಾ ಬಸುರಿಯಾಗಿದ್ದಾಗ ಅವಳ ತವರಿನವರು ಮಾಡಿಸಿ ಕಳಿಸಿದ್ದು. ಮಗು ಹುಟ್ಟಿತು, ಮನೆಗೆ ಬರಲಿಲ್ಲ. ಅವಳು ಆಸ್ಪತ್ರೆಯಿಂದ ಬರುವ ಮೊದಲೇ ನಾನು ತೊಟ್ಟಿಲಿನ ಸರಪಳಿ ಬಿಚ್ಚಿ ಅಟ್ಟಕ್ಕೆ ಹಾಕಿದ್ದೆ. ಆಮೇಲೆ ಆ ಮಾತು ನಮ್ಮ ಮನೆಯಲ್ಲಿ ಬಂದಿರಲಿಲ್ಲ.

"ಸಾಗವಾನ್ ಹೈ ಸಾಬ್, ಅಚ್ಛಾ ಭಾವ್ ದೇಗಾ," ಎಂದು ಒಳ್ಳೆಯ ಬೆಲೆಯ ಆಸೆ ತೋರಿಸುತ್ತ ಭಂಗಾರದವನು ಒಳಗೆ ಬಗ್ಗಿ ನೋಡಿದ.

ಜಲಜಕ್ಕನಿಗೆ ಈ ತೊಟ್ಟಿಲಿನ ವಿಷಯ ಗೊತ್ತಿತ್ತೋ ಇಲ್ಲವೋ ಹೇಳಲಾರೆ. ಅವರು ದನಿ ಬದಲಿಸದೆ ಅದೇ ಪ್ರಶ್ನೆ ಕೇಳಿದರು. "ಕೊನೆಗೆ ಮುಟ್ಟಿದ್ದು ಯಾರು?"

ಇದಕ್ಕೆ ಉತ್ತರ ನನ್ನದೇ ಎಂದು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಸುಮಿತ್ರಾ, "ನಾನು," ಎಂದಳು.

ನಾನು ಚಾದರ ಸರಿಸಿದೆ. ತೊಟ್ಟಿಲ ಮೇಲೆ ಧೂಳಿರಲಿಲ್ಲ. ಅರಗಿನ ಬಣ್ಣ ನಿನ್ನೆ ಹಚ್ಚಿದಂತೆ ಹೊಳೆಯುತ್ತಿತ್ತು. ನಾನು ಕೆಲಸಕ್ಕೆ ಹೋದ ಮೇಲೆ ಅವಳು ಸ್ಟೂಲು ಹತ್ತುತ್ತಿದ್ದಳು, ಅದನ್ನು ಒರೆಸಿ ಮತ್ತೆ ಸುತ್ತಿಡುತ್ತಿದ್ದಳು. ಎಷ್ಟು ಸಲ, ಎಷ್ಟು ವರ್ಷ ಎಂದು ನಾನು ಇವತ್ತಿನವರೆಗೂ ಕೇಳಿಲ್ಲ.

"ಹಾಗಾದ್ರೆ ನೀನೇ ಹೇಳು," ಎಂದರು ಜಲಜಕ್ಕ.

ಸುಮಿತ್ರಾ ಚಾದರದ ಅಂಚು ಮಡಚಿದಳು. "ಖಾಲಿ ತೊಟ್ಟಲಾ ಹೊಸ ಮನೀಗೆ ಒಯ್ಯಬಾರದ್ರಿ. ಮಾರೂದಂತೂ ನನ್ನ ಕೈಲೆ ಆಗೂದಿಲ್ಲ. ಯಾರಿಗರೆ ಕೊಟ್ಟಬಿಟ್ರ ನಂದು ಇಲ್ಲಿಗೆ ಮುಗೀತು ಅಂತ ನಾನ ಹೇಳಿಧಂಗ ಆಗ್ತದ. ಏನ್ ಮಾಡ್ಲಿ?"

"ನೋಡು ಸುಮಿತ್ರಾ, ಅದು ಕೇವಲ ಕಟ್ಟಿಗೆ..." ಎಂದು ನಾನು ಶುರು ಮಾಡಿದೆ.

"ಪಾಟೀಲ್ರೇ, ಬಾಯಿ!" ಎಂದರು ಜಲಜಕ್ಕ. ಆಮೇಲೆ ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತು, ಜೀವನದಲ್ಲಿ ಮೊದಲ ಸಲವೋ ಏನೋ, ದನಿ ತಗ್ಗಿಸಿದರು. "ಕೊಡುವುದು ಬೇಡ ಮಾರಾಯ್ತಿ. ಕಡ ಕೊಡು. ನನಗೆ ಸಕ್ಕರೆ ಕಡ ಕೊಡ್ತಿ ಅಲ್ವಾ? ಹಾಗೆ. ಯಾರ ಮನೆಯಲ್ಲಿ ಮಗು ಹುಟ್ತದೋ ಅವರಿಗೆ ಕಡ. ಮಗು ನಡೀಲಿಕ್ಕೆ ಶುರು ಮಾಡಿದ್ರೆ ನನ್ನ ಮನೆಗೆ ವಾಪಸು. ಯಜಮಾನಿ ನೀನು, ನಾನು ಬರೀ ವಾಚ್‌ಮನ್. ನೀನು ಬಂದ ದಿನ ನಿನಗೆ."

ಸುಮಿತ್ರಾ ಯೋಚಿಸಿದಳು. "ಆತು. ಆದ್ರ ನಮ್ಮ ಮನಿಯಿಂದ ಅದು ಖಾಲಿ ಹೋಗಬಾರದು."

ಮೂವರೂ ಸುತ್ತ ನೋಡಿದೆವು. ಬೇಕಾದದ್ದೆಲ್ಲ ಮೂಟೆ ಕಟ್ಟಿ, ಮನೆಯೇ ಖಾಲಿಯಾದಂತಿತ್ತು. ಒಲೆಯ ಪಕ್ಕ ಅರೆಯುವ ಕಲ್ಲೊಂದು ಉಳಿದಿತ್ತು. ಅಷ್ಟು ಭಾರ ಲಾರಿಗೆ ಬೇಡವೆಂದು ಮನೆ ಮಾಲೀಕರಿಗೇ ಬಿಡುವುದಾಗಿ ತೀರ್ಮಾನಿಸಿದ್ದೆವು. ಸುಮಿತ್ರಾ ಅದರ ಮೇಲಿನ ಗುಂಡುಕಲ್ಲನ್ನು ಎತ್ತಿಕೊಂಡಳು. ನಮ್ಮ ಕಡೆ ಹೆಸರಿಡುವ ದಿನ ಮಗುವಿಗಿಂತ ಮೊದಲು ಗುಂಡುಕಲ್ಲಿಗೆ ಬಟ್ಟೆ ಸುತ್ತಿ, ಕೂಸಿನಂತೆ ತೊಟ್ಟಿಲ ಮೇಲೆ ಕೆಳಗೆ ಆಡಿಸುತ್ತಾರೆ. ಮರಾಠಿಯವರಲ್ಲೂ ಇದೇ ಪದ್ಧತಿ. ಪಾತ್ರೆಯವಳು ಮಾಸಿದೆ ಎಂದು ತಿರಸ್ಕರಿಸಿದ್ದ ನೂಲಿನ ಸೀರೆಯಲ್ಲಿ ಸುಮಿತ್ರಾ ಕಲ್ಲನ್ನು ಸುತ್ತಿದಳು, ತೊಟ್ಟಿಲಲ್ಲಿ ಮಲಗಿಸಿದಳು.

ತೊಟ್ಟಿಲು ಗ್ಯಾಲರಿಗೆ ಬಂದಾಗ ಅಕ್ಕಪಕ್ಕದ ಬಾಗಿಲುಗಳಿಂದ ಹೆಂಗಸರು ಹೊರಬಂದರು. ಯಾರೋ ಒಬ್ಬಾಕೆ ಬಗ್ಗಿ ನೋಡಿ, ಪೂರ್ತಿ ಗಂಭೀರವಾಗಿ, "ನಾವ್ ಕಾಯ್ ಠೇವಲಂ?" ಎಂದು ಕೇಳಿದಳು. ಹೆಸರೇನಿಟ್ಟಿರಿ ಎಂದು.

"ಗುಂಡಣ್ಣ!" ಎಂದರು ಜಲಜಕ್ಕ.

ಸುಮಿತ್ರಾ ನಕ್ಕಳು ಎಂದು ನನ್ನ ನೆನಪು. ಅತ್ತಿದ್ದೆ ಎನ್ನುತ್ತಾಳೆ ಅವಳು. ಭಂಗಾರದವನು ತಕ್ಕಡಿಯನ್ನು ಬೆನ್ನ ಹಿಂದೆ ಹಿಡಿದು ಗೋಡೆಗೆ ಒತ್ತಿ ನಿಂತು ದಾರಿ ಬಿಟ್ಟದ್ದು ಮಾತ್ರ ಇಬ್ಬರಿಗೂ ನೆನಪಿದೆ.

ಬಿಹಾರದ ವರ್ಷಗಳ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಸೆಖೆ, ಕಲ್ಲಿದ್ದಲಿನ ಪುಡಿ, ಒಳ್ಳೆಯ ನೆರೆಯವರು. ನಮಗೆ ಮಕ್ಕಳಾಗಲಿಲ್ಲ. ೧೯೮೫ರಲ್ಲಿ ಮತ್ತೆ ಇಲ್ಲಿಗೇ ವರ್ಗವಾಗಿ ವಾಶಿಯಲ್ಲಿ ಮನೆ ಹಿಡಿದೆವು. ನಾವು ಬಂದ ಸುದ್ದಿ ಜಲಜಕ್ಕನಿಗೆ ಸುಮಿತ್ರಾಳೇ ಮುಟ್ಟಿಸಿರಬೇಕು. ನಾನಂತೂ ತೊಟ್ಟಿಲನ್ನು ಮರೆತಿದ್ದೆ. ಮರೆತಿದ್ದೇನೆ ಎಂದುಕೊಂಡಿದ್ದೆ ಎಂದರೆ ಹೆಚ್ಚು ಸರಿ.

ಒಂದು ಭಾನುವಾರ ಬೆಳಿಗ್ಗೆ ಕೆಳಗೆ ಗದ್ದಲ. ವಾಶಿಗೆ ಆಗ ರೈಲು ಇರಲಿಲ್ಲ. ಅವರೆಲ್ಲ ಠಾಣೆಯಿಂದ ಬಸ್ಸಿನಲ್ಲಿ ಬಂದರು ಎಂದು ನನ್ನ ನೆನಪು. ತೊಟ್ಟಿಲನ್ನು ಬಸ್ಸಿನಲ್ಲಿ ಯಾರು ಹತ್ತಿಸಿಕೊಳ್ಳುತ್ತಾರೆ, ಟೆಂಪೋ ಮಾಡಿದ್ದರು ಎನ್ನುತ್ತಾಳೆ ಸುಮಿತ್ರಾ. ಬಾಗಿಲು ತೆರೆದರೆ ಜಲಜಕ್ಕ. ಕೂದಲು ಅರ್ಧ ಬೆಳ್ಳಗಾಗಿತ್ತು. ದನಿ ಹಾಗೇ ಇತ್ತು. ಹಿಂದೆ ಮೆಟ್ಟಿಲ ತುಂಬ ಹೆಂಗಸರು, ಮಕ್ಕಳು. ಠಾಣೆ ಪಕ್ಕದ ಕಳವಾ ಊರಿನಿಂದ ಒಬ್ಬಾಕೆ, ಗಂಡ ರೈಲ್ವೆ ಕಾರ್‌ಶೆಡ್ಡಿನಲ್ಲಿ ಕೆಲಸಕ್ಕಿದ್ದ. ವಿಠ್ಠಲವಾಡಿಯಿಂದ ಒಬ್ಬಾಕೆ. ಉಳಿದವರು ನಮ್ಮ ಹಳೆಯ ಗ್ಯಾಲರಿಯವರು. ನಡುವೆ ತೊಟ್ಟಿಲು. ಅದರ ಸರಳುಗಳ ಉದ್ದಕ್ಕೂ ಬಣ್ಣದ ಮಣಿ, ಕಪ್ಪುದಾರ, ಬಟ್ಟೆಯ ಹಕ್ಕಿ, ಗೆಜ್ಜೆ. ಮಲಗಿ ಎದ್ದ ಪ್ರತಿ ಕೂಸಿನ ಮನೆಯವರೂ ಒಂದೊಂದು ಕಟ್ಟಿದ್ದರು.

ಪರಕರ ತೊಟ್ಟ ಒಂದು ಪುಟ್ಟ ಹುಡುಗಿ ಸುಮಿತ್ರಾಳನ್ನು ಕೆಳಗಿಂದ ಮೇಲೆ ನೋಡಿ, ತಾಯಿಯ ಸೆರಗು ಎಳೆದು ಕೇಳಿತು, "ಹೀಚ್ ಕಾ ಪಾಳಣ್ಯಾಚೀ ಮಾವಶೀ?"

ಇವಳೇನಾ ತೊಟ್ಟಿಲ ಮಾವಶಿ, ತೊಟ್ಟಿಲ ಚಿಕ್ಕಮ್ಮ?

ಸುಮಿತ್ರಾ ಏನೂ ತಿಳಿಯದೆ ಜಲಜಕ್ಕನ ಮುಖ ನೋಡಿದಳು.

"ಮತ್ತೆಂಥ? ಬಿಟ್ಟಿ ಕೊಟ್ಟದ್ದಾ ನಾನು?" ಎಂದರು ಅವರು. "ಮಗುವನ್ನು ಮೊದಲ ಸಲ ಮಲಗಿಸುವಾಗ, ಇದು ಸುಮಿತ್ರಾ ಮಾವಶಿಯ ತೊಟ್ಟಿಲು ಅಂತ ಕಿವಿಯಲ್ಲಿ ಹೇಳ್ಬೇಕು. ಹೇಳದಿದ್ರೆ ತೊಟ್ಟಿಲು ವಾಪಸು. ಶರತ್ತು ಅದೇ. ಇವರೆಲ್ಲ ನಿನ್ನ ಹೆಸರು ಕೇಳಿಯೇ ನಿದ್ದೆ ಮಾಡಿದವರು. ಮತ್ತೆ ನೋಡು, ಖಾಲಿ ತರ್ಲಿಲ್ಲ ನಾನು."

ತೊಟ್ಟಿಲೊಳಗೆ ಅದೇ ಗುಂಡುಕಲ್ಲು. ತಲೆಗೆ ಹೊಸ ಕುಂಚಿಗೆ, ಕೆಂಪು ಅಂಚಿನದು.

"ನಿನ್ನ ಮಗ. ಇಷ್ಟು ವರ್ಷ ಆದ್ರೂ ನಡೀಲಿಕ್ಕೆ ಕಲೀಲಿಲ್ಲ, ಸೋಮಾರಿ!"

ಇದೆಂಥ ಮಾತು, ಸುಮಿತ್ರಾ ಹೇಗೆ ತಡೆದುಕೊಂಡಾಳು ಎಂದು ನೋಡಿದರೆ, ಅವಳು ಕುಂಚಿಗೆಯ ದಾರ ಸರಿಮಾಡುತ್ತ, "ಅವರಪ್ಪನ್ಹಂಗ ಆಗ್ಯಾನ್ರಿ. ಕುಂತಲ್ಲೇ ಕುಂಡ್ರತಾನ," ಎಂದಳು. ಮೆಟ್ಟಿಲಿನಿಂದ ನಗು ಎದ್ದಿತು. ಅಷ್ಟರಲ್ಲಿ ಒಂದು ಸಣ್ಣ ಮಗು ತೆವಳಿಕೊಂಡು ಬಂದು ತನ್ನ ಹಳೆಯ ಜಾಗ ಗುರುತಿಸಿದಂತೆ ತೊಟ್ಟಿಲಿಗೆ ಕೈ ಹಾಕಿತು. ಸುಮಿತ್ರಾ ಅದನ್ನು ಎತ್ತಿ ಗುಂಡಣ್ಣನ ಪಕ್ಕ ಕೂರಿಸಿ ತೂಗಿದಳು. ಆಮೇಲೆ ಎಲ್ಲರಿಗೂ ಒಗ್ಗರಣೆ ಅವಲಕ್ಕಿ ಮಾಡಿ ಬಡಿಸಿದಳು.

ಜಲಜಕ್ಕ ಈಗ ಗಂಡನೊಡನೆ ಊರಿಗೆ ಹೋಗಿ ನೆಲೆಸಿದ್ದಾರೆ. ವಾಚ್‌ಮನ್ ಕೆಲಸವೂ ಸುಮಿತ್ರಾಳ ಪಾಲಿಗೇ ಬಂದಿದೆ. ನಾನು ವಿಶ್ವವಿದ್ಯಾಲಯದಲ್ಲಿ, ಪ್ರಯೋಗಾಲಯದಲ್ಲಿ ಬಹಳ ಬುದ್ಧಿವಂತರನ್ನು ನೋಡಿದ್ದೇನೆ. ಒಂದು ದುಃಖವನ್ನು ಬಿಸಾಡದೆ, ಬಚ್ಚಿಡದೆ, ನಾಲ್ಕು ಮನೆಗೆ ಉಪಯೋಗಕ್ಕೆ ಬರುವಂತೆ ಮಾಡಿದವರನ್ನು ಜಲಜಕ್ಕನೊಬ್ಬರನ್ನೇ ನೋಡಿದ್ದು.

ಮೊನ್ನೆ ಇಷ್ಟನ್ನು ಬರೆದು ಸುಮಿತ್ರಾಳಿಗೆ ಓದಿ ಹೇಳಿದೆ. ಮೆಟ್ಟಿಲ ತುಂಬ ಮಕ್ಕಳು ಎಂದದ್ದಕ್ಕೆ ನಕ್ಕಳು. "ಇದ್ದದ್ದು ನಾಲ್ಕೈದು ಮಕ್ಕಳು. ನಿಮಗ ಮೆಟ್ಟಲಾ ತುಂಬ ಕಂಡ್ವೇನು? ಇರಲಿ ಬಿಡ್ರಿ, ಹಂಗ ಇರಲಿ." ಆಮೇಲೆ ಕೇಳಿದಳು, "ಅವತ್ತ ಡೊಂಬಿವಲ್ಯಾಗ ತೊಟ್ಟಲಾ ಎತ್ತಿದವರು ಯಾರು ಅಂತ ಬರದಿಲ್ಲಲ್ಲ?"

"ನೀನು ಮತ್ತು ಜಲಜಕ್ಕ."

"ನನ್ನ ಕೈಯಾಗ ಎಲ್ಲಿ ಶಕ್ತಿ ಇತ್ತು? ಒಂದ ಕಡೆ ಜಲಜಕ್ಕ, ಒಂದ ಕಡೆ ನೀವು. ಕಲ್ಲ ಉರುಳಬಾರದಂತ ಒಂದ ಕೈ ಕಲ್ಲಿನ ಬುಡಕ ಹಿಡಿದಿದ್ರಿ. ಕೊನೀಗೆ ಮುಟ್ಟಿದವರು ನೀವ."

ನನಗೆ ಇದು ಒಂದಿಷ್ಟೂ ನೆನಪಿಲ್ಲ. ನನ್ನ ನೆನಪಿನಲ್ಲಿ ನಾನು ಆವತ್ತು ಬಾಗಿಲಲ್ಲಿ ಸುಮ್ಮನೆ ನಿಂತಿದ್ದೆ. ಅವಳು ನನ್ನ ಮೇಲಿನ ಪ್ರೀತಿಯಿಂದ ಹಾಗೆ ಹೇಳುತ್ತಿದ್ದಾಳೆ ಎಂದುಕೊಂಡೆ.

ನಿನ್ನೆ ಬೇಲಾಪುರದಿಂದ ಒಬ್ಬ ಯುವಕ ತೊಟ್ಟಿಲು ಕೇಳಿಕೊಂಡು ಬಂದ. ಮೊದಲ ಮಗುವಿನ ತಂದೆ. ಸುಮಿತ್ರಾ ಶರತ್ತು ಹೇಳಿ, ಗುಂಡಣ್ಣನ ಕುಂಚಿಗೆ ಸರಿಪಡಿಸಿ ಮಲಗಿಸಿದಳು. ತೊಟ್ಟಿಲಿನ ಒಂದು ಬದಿ ಅವನು ಹಿಡಿದ, ಇನ್ನೊಂದು ಬದಿ ನಾನು. ಎರಡನೇ ಮಹಡಿಯಿಂದ ಇಳಿಯುವಾಗ ಮೆಟ್ಟಿಲ ತಿರುವಿನಲ್ಲಿ ತೊಟ್ಟಿಲು ಓರೆಯಾಯಿತು. ನೋಡುತ್ತೇನೆ, ನನ್ನ ಎಡಗೈ ಆಗಲೇ ಕಲ್ಲಿನ ಬುಡದಲ್ಲಿತ್ತು.