ಕಮರದ ಬುಡದ ಐದು ಕಲ್ಲು

ಅಕ್ಕನ ಹೊಲ ಕುರುಗೋಡಿನ ಗುಡ್ಡದ ಬುಡಕ್ಕಿದೆ. ಅಲ್ಲಿ ಹಿಂದೆ ಬರೀ ಕಮರದ ಮರ, ಕೊಡಲಿಯನ್ನೇ ಮೊಂಡು ಮಾಡುವ ಜಾತಿ. ಹತ್ತಿ ಬಿತ್ತಲೆಂದು ಅಪ್ಪ ಎಲ್ಲ ಕಡಿಸಿ ಒಂದನ್ನು ಬಿಟ್ಟಿದ್ದ. ಅದರ ಬುಡದಲ್ಲಿ ಪಾಂಡವರೆಂದು ಐದು ಕಲ್ಲು. ಎಳ್ಳಮವಾಸ್ಯೆಗೆ ಅವಕ್ಕೆ ಸುಣ್ಣ ಹಚ್ಚಿ ಎಡೆ ಇಡಬೇಕು, ಆ ಅಡುಗೆಯನ್ನೇ ಹೊಲಕ್ಕೆಲ್ಲ ಚರಗವೆಂದು ಚೆಲ್ಲಬೇಕು. ಭೂಮಿಗೆ ಉಣಿಸದೆ ನಾವು ಉಣ್ಣುವಂತಿಲ್ಲ.

ಮೆಣಸಿನ ಗಿಡಕ್ಕೆ ನುಸಿ ಬಿದ್ದ ವರ್ಷ ಎಲೆಗಳೆಲ್ಲ ಮುದುರಿದವು. ನಾನು ಬಳ್ಳಾರಿಯಲ್ಲಿ ಮೇಷ್ಟ್ರು; ಎರಡಕ್ಷರ ಕಲಿತ ಸೊಕ್ಕು. ಹುಳವೆಲ್ಲ ಆ ಮರದ ನೆರಳಲ್ಲೇ ಅಡಗಿದೆ ಎಂದು ತೀರ್ಪು ಕೊಟ್ಟೆ.

"ಅದು ಅಪ್ಪ ಬಿಟ್ಟ ಗಿಡ. ಅದರ ತಂಟಿಗೆ ಹೋಗಬ್ಯಾಡ," ಅಂದಳು ಅಕ್ಕ.

ಕೇಳಿದೆನೇ? ಕೌಲ್ ಬಜಾರಿನಿಂದ ಗರಗಸದ ಯಂತ್ರದವನನ್ನು ನಾನೇ ಕರೆದೊಯ್ದೆ. ಎರಡು ಚೈನು ಹರಿದ ಮೇಲೆ ಮರ ಉರುಳಿತು. ಬುಡ ಚಿಗುರದಂತೆ ಕುಳ್ಳು ಒಟ್ಟಿ ಸುಟ್ಟದ್ದೂ ನನ್ನದೇ ಬುದ್ಧಿ. ನುಸಿಗೆ ಇದರ ಸುದ್ದಿಯೇ ಮುಟ್ಟಲಿಲ್ಲ, ಮರುವರ್ಷ ಇನ್ನೂ ಹೆಚ್ಚಾಯಿತು. ಅಕ್ಕ ಬೇಸತ್ತು ಹಚ್ಚೊಳ್ಳಿ ಕಡೆ ಕಾಲುವೆ ನೀರಿನ ಗದ್ದೆ ಗುತ್ತಿಗೆಗೆ ಹಿಡಿದಳು. ಈ ಹೊಲ ಬೀಳುಬಿತ್ತು, ಚರಗವೂ ನಿಂತಿತು. ಆಡುಗಳು ಹಿಕ್ಕೆ ಹಾಕಿದಲ್ಲೆಲ್ಲ ಜಾಲಿ ಎದ್ದಿತು. ಅದನ್ನು ಜನ ಕರೆಯುವುದೇ ಬಳ್ಳಾರಿ ಜಾಲಿ ಎಂದು. ನಮ್ಮೂರಿನ ಹೆಸರಿಗೆ ಸಿಕ್ಕಿದ್ದು ಈ ಮುಳ್ಳು ನೋಡಿ.

ಈ ಸಲದ ಎಳ್ಳಮವಾಸ್ಯೆಗೆ ಅಕ್ಕ ಹಟ ಹಿಡಿದಳು. ಎಡೆ ಆ ಐದು ಕಲ್ಲಿಗೇ ಆಗಬೇಕು. ಅವಳ ಮೊಣಕಾಲು ಸೋತಿವೆ, ಮುಂದಿನ ವರ್ಷ ಇಷ್ಟು ದೂರ ನಡೆಯಲಾರಳು. ಬುಟ್ಟಿಯಲ್ಲಿ ಸಜ್ಜೆ ರೊಟ್ಟಿ, ಪುಂಡಿ ಪಲ್ಯ, ಕಡುಬು ಹೊತ್ತು ತಂದಿದ್ದಳು.

"ಗಿಡ ಎಲ್ಲಿತ್ತು, ತೋರಿಸು. ಕಡಿಸಿದಾವ ನೀನ."

ಮಚ್ಚು ಹಿಡಿದು ಮುಳ್ಳಿನೊಳಗೆ ನುಗ್ಗಿದೆ. ಅಂಗಿ ಹರಿಯಿತು, ಮುಂಗೈ ತರಚಿತು. ಸುಟ್ಟ ಬುಡವೂ ಇಲ್ಲ, ಕಲ್ಲೂ ಇಲ್ಲ. ಯಾವ ಕಡೆ ತಿರುಗಿದರೂ ಒಂದೇ ತರಹದ ಜಾಲಿ. ಮಧ್ಯಾಹ್ನದವರೆಗೆ ಹುಡುಕಿ ಹೊರಬಂದೆ. ನನ್ನ ಮೇಲೆ ನನಗೇ ಹೇಸಿಗೆಯಾಗಿತ್ತು.

ಅಕ್ಕ ಬೈಯಲಿಲ್ಲ. ಬದುವಿನ ಮೇಲೆ ಕೂತು, ಎಡೆಯ ರೊಟ್ಟಿಗೆ ಪಲ್ಯ ಹಚ್ಚಿ ನನ್ನ ಕೈಗಿಟ್ಟಳು.

"ಮೊದಲು ಭೂಮಿಗೆ ಅಲ್ಲೇನಬೇ?" ಅಂದೆ.

"ಅದರ ಬಾಯಿ ಎಲ್ಲೈತಿ ಅಂತ ನಿನಗ ಗೊತ್ತಿಲ್ಲ. ನೀನ ಉಣ್ಣು."

ಹಸಿದಿದ್ದೆ. ಉಂಡೆ.