ಶೇವಂತಾಬಾಯಿ ಎತ್ತಿಟ್ಟ ಚಷ್ಮಾ

ಸಂತಪುರದಲ್ಲಿ ಹೆಸರುಕಾಳಿನೊಳಗೆ ಉದ್ದು ಕಲೆತುಹೋದರೆ ಹೆಂಗಸರು ಮೊರದ ಮುಂದೆ ಕೂತು ಕಣ್ಣು ನೋಯಿಸಿಕೊಳ್ಳುತ್ತಿರಲಿಲ್ಲ. ಸೀದಾ ಶೇವಂತಾಬಾಯಿಯ ಕಟ್ಟೆಗೆ ತಂದು ಸುರಿಯುತ್ತಿದ್ದರು. ಅವಳಿಗೋ ಎರಡೂ ಕಣ್ಣು ಕಾಣವು. ಬೆರಳ ತುದಿಯಲ್ಲಿ ಕಾಳು ಉರುಳಿಸಿ, ಹೆಸರು ಇತ್ತ, ಉದ್ದು ಅತ್ತ ಎಂದು ಬೇರೆ ಮಾಡುತ್ತ, ಜೊತೆಗೇ ತಂದವಳ ಅತ್ತೆಯ ಸುದ್ದಿ, ನಾದಿನಿಯ ಸುದ್ದಿ ಎಲ್ಲ ಕೇಳಿಕೊಳ್ಳುತ್ತಿದ್ದಳು. ನಡುವೆ ಹುಳುಕು ಕಾಳು ಸಿಕ್ಕರೆ ತಂದವಳ ಅಂಗೈಗೇ ಇಟ್ಟು ನಗುತ್ತಿದ್ದಳು. ಎರಡು ಕಣ್ಣಿದ್ದೂ ಹುಳುಕು ಕಾಣದವರು ತಲೆ ತಗ್ಗಿಸಿ ಎದ್ದು ಹೋಗುತ್ತಿದ್ದರು.

ಕಣ್ಣು ಒಮ್ಮೆಲೇ ಹೋಗಿರಲಿಲ್ಲ. ಮೋತಿಬಿಂದಿನ ಪೊರೆ ಬೆಳೆದು ಮೊದಲು ದೂರದ ಹೊಲ ಮಸುಕಾಯಿತು, ಆಮೇಲೆ ಒಲೆಯ ಮೇಲಿನ ರೊಟ್ಟಿ, ಕೊನೆಗೆ ತನ್ನದೇ ಕೈ. ಗಂಡ ತೀರಿಕೊಂಡಿದ್ದ, ಮಗ ಮಾಣಿಕ ಮತ್ತೊಬ್ಬರ ಹೊಲದಲ್ಲಿ ದುಡಿದು ತಾಯಿ, ಹೆಂಡತಿ, ಪುಟ್ಟ ಮಗನನ್ನು ಸಾಕುತ್ತಿದ್ದ. ಬೀಸುವುದು, ಕುಟ್ಟುವುದು, ನೀರು ಸೇದುವುದು ಎಲ್ಲವನ್ನೂ ಅವಳು ಕತ್ತಲೆಯಲ್ಲೇ ಕಲಿತುಕೊಂಡಳು. ಕಣ್ಣು ಹೋಯಿತೆಂದು ಯಾರ ಮುಂದೆಯೂ ಅತ್ತವಳಲ್ಲ. ಒಂದೇ ಒಂದು ಆಸೆ ಮಾತ್ರ ಅವಳನ್ನು ತಿನ್ನುತ್ತಿತ್ತು. ಮಗಳು ಶಾಲುಬಾಯಿಯ ಮುಖವನ್ನು ಇನ್ನೊಮ್ಮೆ ನೋಡಬೇಕು.

ಶಾಲುಬಾಯಿಯನ್ನು ಹದಿನೈದು ವರ್ಷಕ್ಕೇ ಉದಗೀರದ ಕಡೆಯ ಹಳ್ಳಿಯೊಂದಕ್ಕೆ ಕೊಟ್ಟಿದ್ದರು. ಚೊಚ್ಚಲ ಬಾಣಂತನಕ್ಕೆ ಬಂದಾಗ ಐದು ತಿಂಗಳು ತವರಿನಲ್ಲಿದ್ದಳು. ಅಂಗಳದ ಬಿಸಿಲಿಗೆ ಬೆನ್ನು ಕೊಟ್ಟು, ಒದ್ದೆ ಕೂದಲು ಹರಡಿ, ಮಡಿಲಲ್ಲಿ ಕೂಸನ್ನಿಟ್ಟುಕೊಂಡು ಅವಳು ಕೂತಿದ್ದ ರೀತಿ ಶೇವಂತಾಬಾಯಿಯ ಕಣ್ಣೊಳಗೆ ಉಳಿದುಬಿಟ್ಟಿತು. ಆಮೇಲೆ ಮಸುಕು ಕವಿಯಿತು. ಎರಡು ಮೂರು ವರ್ಷಕ್ಕೊಮ್ಮೆ ಮಗಳು ಒಬ್ಬಳೇ ಬಂದು ನಾಲ್ಕು ದಿನ ಇದ್ದು ಹೋಗುತ್ತಿದ್ದಳು. ಧ್ವನಿ ಅದೇ, ನಗು ಅದೇ. ಚಿಕ್ಕವಳಿದ್ದಾಗ ಜೋಳ ಕೊಯ್ಯಲು ಹೋಗಿ ಕುಡುಗೋಲು ತಾಗಿ ಸೊಟ್ಟಗಾದ ಎಡಗೈಯ ಕಿರುಬೆರಳೂ ಅದೇ. ಆದರೆ ತಾಯಿಯ ಕೈ ಮುಖದತ್ತ ಹೋದರೆ ಸಾಕು, ಮಗಳು ನಡುವೆಯೇ ಹಿಡಿದುಬಿಡುತ್ತಿದ್ದಳು.

"ಬಿಡವ್ವ, ಬಿಸಲಾಗ ಬಂದೇನಿ, ಮಾರಿ ತುಂಬ ಬೆವರದ."

ಹೋದ ಸಲವೂ ಬೆವರು, ಅದರ ಹಿಂದಿನ ಸಲವೂ ಬೆವರು. ಮೂರು ಮಕ್ಕಳ ತಾಯಿಯಾದಳು, ಈಗ ನಾನು ಮುದ್ದು ಮಾಡಿದರೆ ನಾಚಿಕೆ ಬರುತ್ತದೆ ಅಂತ ಶೇವಂತಾಬಾಯಿ ತನಗೆ ತಾನೇ ಹೇಳಿಕೊಂಡು ಸುಮ್ಮನಾಗುತ್ತಿದ್ದಳು.

ಹೀಗಿರುವಾಗ ಐವತ್ತಾರನೆಯ ಇಸವಿಯ ದೀಪಾವಳಿಯ ಹೊತ್ತಿಗೆ ಭಾಲ್ಕಿಯಲ್ಲಿ ಕಣ್ಣಿನ ಆಪರೇಷನ್ ಮಾಡುತ್ತಾರೆಂದು ಹಳ್ಳಿಹಳ್ಳಿಗೆ ಡಂಗುರ ಸಾರಿದರು. ಶಾಲೆಗೆ ರಜೆ, ಕೋಣೆಗಳು ಖಾಲಿ, ಅಲ್ಲೇ ದವಾಖಾನೆ. ಬಡವರು ಏನೂ ಕೊಡಬೇಕಾಗಿಲ್ಲ. "ಹಬ್ಬ ಬಿಟ್ಟ ಯಾರರ ಕಣ್ಣ ಕೊಯ್ಸಕೊಳ್ತಾರೇನ?" ಎಂದು ಊರವರು ನಕ್ಕರು. ಶೇವಂತಾಬಾಯಿ ಕಿವಿಗೆ ಹಾಕಿಕೊಳ್ಳಲಿಲ್ಲ. ಬುತ್ತಿ ಕಟ್ಟಿಸಿಕೊಂಡು, ಮಾಣಿಕನ ಹೆಗಲು ಹಿಡಿದು ಬಸ್ಸು ಹತ್ತಿದಳು.

ಬಲಗಣ್ಣಿನ ಮೋತಿಬಿಂದು ತೆಗೆದರು. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ, ತಲೆಯ ಆಚೆ ಈಚೆ ಉಸುಕಿನ ಚೀಲ ಇಟ್ಟು ನೆಲದ ಹಾಸಿಗೆಯ ಮೇಲೆ ಅಂಗಾತ ಮಲಗಿಸಿದರು. ಎಂಟು ದಿನ ಹೊರಳುವಂತಿಲ್ಲ, ಕೆಮ್ಮುವಂತಿಲ್ಲ, ಅಗಿದು ತಿನ್ನುವಂತಿಲ್ಲ. ಸಾಲಾಗಿ ಮಲಗಿದ ಮೂವತ್ತು ಜನರನ್ನು ಕಾಯುತ್ತಿದ್ದವಳು ಬೀದರಿನ ನರ್ಸ್ ಫ್ಲಾರೆನ್ಸ. ಮೆಥೊಡಿಸ್ಟ್ ಕ್ರೈಸ್ತರ ಮನೆಯ ಮಗಳು, ನಲವತ್ತರ ಹೆಂಗಸು, ಬಾಯಿ ಬಿರುಸು, ಕೈ ಮಾತ್ರ ಬೆಣ್ಣೆ. ಗಂಜಿ ಕುಡಿಸುತ್ತ ಮೆಲ್ಲಗೆ ದೇವರ ಹಾಡು ಗುನುಗುತ್ತಿದ್ದಳು, ಯಾರಾದರೂ ತಲೆ ಎತ್ತಿದರೆ ಹಾಡನ್ನು ಅರ್ಧಕ್ಕೇ ಬಿಟ್ಟು ಗದರಿಸುತ್ತಿದ್ದಳು.

ನಾಲ್ಕನೆಯ ದಿನ ಹೊರಗೆ ಬ್ಯಾಂಡು ಬಾರಿಸಿತು, ಜನ ಜೈಕಾರ ಹಾಕಿದರು.

"ಏನ ಗದ್ದಲರಿ ನರ್ಸಬಾಯಿ? ಮದವಿ ಏನು?"

"ಮದವಿ ಅಲ್ಲ ಅವ್ವಾ. ಇವತ್ತಿಂದ ನಾವು ಹೈದ್ರಾಬಾದನವರಲ್ಲ. ನಮ್ಮನ್ನ ಮೈಸೂರಿಗಿ ಸೇರ್ಸ್ಯಾರ."

"ಹೌದೇನ್ರಿ! ಕಣ್ಣ ಕಟ್ಟಿದಾಗ ಒಂದ ರಾಜ್ಯ, ಬಿಚ್ಚಿದಾಗ ಇನ್ನೊಂದ. ನನಗ ಏನ ಗೊತ್ತಾಗಬೇಕ್ರಿ!" ಎಂದು ಶೇವಂತಾಬಾಯಿ ನಕ್ಕಳು. ಉಳಿದವರೂ ಅಂಗಾತ ಮಲಗಿದಲ್ಲೇ ನಕ್ಕರು. ಆಮೇಲೆ ಏನೋ ನೆನಪಾಗಿ ಕೇಳಿದಳು. "ಮತ್ತ ಉದಗೀರ?"

"ಉದಗೀರ ಮುಂಬೈಗಿ ಹೋಯ್ತು."

ನಗು ನಿಂತಿತು. ಮಗಳು ಬೇರೆ ರಾಜ್ಯಕ್ಕೆ ಹೋದಳು, ತಾನು ಮಲಗಿದಲ್ಲೇ ಹೋದಳು. ಅಳು ಉಕ್ಕಿ ತಲೆ ಎತ್ತಲು ಹೋದಳು. ಫ್ಲಾರೆನ್ಸ ಅವಳ ಗದ್ದ ಗಟ್ಟಿಯಾಗಿ ಹಿಡಿದುಕೊಂಡಳು.

"ಅಳಬ್ಯಾಡ್ರಿ ಅವ್ವಾ. ಹೊಲಿಗಿ ಬಿಚ್ತಾವ. ಆರ ವಾರ ಅಳಂಗೇ ಇಲ್ಲ. ಆಮ್ಯಾಲ ಬೇಕಾದಷ್ಟ ಅಳ್ರಿ, ಯಾರೂ ಬ್ಯಾಡ ಅನ್ನಂಗಿಲ್ಲ."

ಶೇವಂತಾಬಾಯಿ ಹಲ್ಲು ಕಚ್ಚಿ ಅಳು ನುಂಗಿದಳು. ಹರಡಿದ ಒದ್ದೆ ಕೂದಲು, ಮಡಿಲಲ್ಲಿ ಕೂಸು, ಅಂಗಳದ ಬಿಸಿಲು. ಉಳಿದ ನಾಲ್ಕು ದಿನವನ್ನು ಅದೊಂದನ್ನೇ ನೆನೆಯುತ್ತ ಕಳೆದಳು.

ಪಟ್ಟಿ ಬಿಚ್ಚಿದಾಗ ಬೆಳಕು ಬಂತು, ಬಣ್ಣ ಬಂತು. ಮುಖದ ಮುಂದೆ ಹಿಡಿದ ಬೆರಳು ಎಣಿಸಲು ಬಂತು. ಆದರೆ ಮೂಗು, ಬಾಯಿ ಎಲ್ಲ ಕಲಸಿಹೋದ ಹಿಟ್ಟು. ಆರು ವಾರ ಬಿಟ್ಟು ಬನ್ನಿ, ಚಷ್ಮಾ ಕೊಡುತ್ತೇವೆ, ಆಮೇಲೆ ಎಲ್ಲ ಸ್ಪಷ್ಟ ಕಾಣುತ್ತದೆ ಎಂದು ದೊಡ್ಡ ಡಾಕ್ಟರು ಹೇಳಿ ಕಳಿಸಿದರು.

ಆರು ವಾರಕ್ಕೆ ಸರಿಯಾಗಿ ಭಾಲ್ಕಿಗೆ ಹೋದಳು. ಫ್ಲಾರೆನ್ಸ ದಪ್ಪ ಗಾಜಿನ ಚಷ್ಮಾ ತೆಗೆದು ಅವಳ ಕಿವಿಗೆ ಸಿಕ್ಕಿಸಿದಳು. ತಕ್ಷಣ ಶೇವಂತಾಬಾಯಿ ಎರಡೂ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು.

"ಕಣ್ಣ ತೆಗೀರಿ ಅವ್ವಾ."

"ತೆಗೆಂಗಿಲ್ರಿ."

"ಯಾಕ? ನೋಯ್ತದೇನು?"

"ನೋವಿಲ್ರಿ. ಮೊದಲ ನನ್ನ ಮಗಳ ಮಾರಿ ನೋಡ್ಬೇಕ್ರಿ. ಹದಿನಾಲ್ಕ ವರ್ಷ ಕಾದೀನಿ. ಇದರಾಗ ಮೊದಲನೇದ್ದು ಅಕಿನೇ ಕಾಣಬೇಕು. ನಿಮ್ಮ ಮ್ಯಾಲ ಸಿಟ್ಟಿಲ್ರಿ ನರ್ಸಬಾಯಿ, ನೀವು ಆಮ್ಯಾಲ."

ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಫ್ಲಾರೆನ್ಸ ಗದರಿದಳು, ಬೇಡಿಕೊಂಡಳು, ಸೋತಳು. ಶೇವಂತಾಬಾಯಿ ಚಷ್ಮಾ ಬಿಚ್ಚಿ, ಸೆರಗಿನಲ್ಲಿ ಗಂಟು ಕಟ್ಟಿಕೊಂಡು, ಬಂದ ಹಾಗೆಯೇ ಮಗನ ಹೆಗಲು ಹಿಡಿದು ಊರಿಗೆ ಹೊರಟಳು. ಮನೆಗೆ ಬಂದವಳೇ ಅದನ್ನು ಶಾಲುಬಾಯಿಯ ಮದುವೆಯ ಕುಪ್ಪಸದ ತುಂಡಿನಲ್ಲಿ ಸುತ್ತಿ ಗೋಡೆಯ ಗೂಡಿನಲ್ಲಿಟ್ಟಳು. ಮಾಣಿಕನ ಕೈಯಿಂದ ಮಗಳಿಗೆ ಕಾರ್ಡು ಬರೆಸಿದಳು.

ಎಳ್ಳಮಾವಾಸ್ಯೆಯ ಹಬ್ಬಕ್ಕೆ ಮಗಳು ಬರುತ್ತಾಳೆಂದು ಸಜ್ಜೆ ರೊಟ್ಟಿ ಬಡಿದು, ಭಜ್ಜಿ ಮಾಡಿಸಿ ಕಾದಳು. ಕಾರ್ಡು ಬಂತು, ಮಗಳು ಬರಲಿಲ್ಲ. ಈಗ ಅದು ಬೇರೆ ರಾಜ್ಯ, ರೈಲಿನಲ್ಲಿ ಗಡಿಯ ಕಮಲನಗರ ದಾಟಬೇಕಾದರೆ ಪರವಾನಗಿ ಚೀಟಿ ಬೇಕಂತೆ, ಗದ್ದಲ ತಣ್ಣಗಾಗಲಿ ಎಂದು ಬರೆದಿತ್ತು. ಊರಿನಲ್ಲೂ ಕೆಲವರು ಹಾಗೆಯೇ ಮಾತಾಡಿಕೊಳ್ಳುತ್ತಿದ್ದುದರಿಂದ ಶೇವಂತಾಬಾಯಿ ನಂಬಿದಳು, ಕಾಣದ ಸರಕಾರಗಳನ್ನು ಬಾಯಿ ತುಂಬ ಬೈದಳು. ಶಿವರಾತ್ರಿಗೆ ಇನ್ನೊಂದು ಕಾರ್ಡು ಬಂತು. ಹತ್ತಿ ಬಿಡಿಸುವುದು ಮುಗಿದಿಲ್ಲವಂತೆ. ಮಾಣಿಕ ಓದಿ ಹೇಳುವಾಗ ತಡವರಿಸುತ್ತಿದ್ದ, ಓದಿದ ಮೇಲೆ ಬೇಗ ಎದ್ದು ಹೊರಗೆ ಹೋಗುತ್ತಿದ್ದ.

ರಾತ್ರಿ ಮಲಗುವ ಮುಂಚೆ ಗೂಡಿಗೆ ಕೈ ಹಾಕಿ ಚಷ್ಮಾ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡುವುದು ಅವಳಿಗೆ ರೂಢಿಯಾಯಿತು. ಒಂದೆರಡು ಸಲ ಹೊರಗೆ ತೆಗೆದೂ ಬಿಟ್ಟಳು. ಹಾಕಿಕೊಂಡರೆ ಮೊಮ್ಮಗ ಕಾಣುತ್ತಾನೆ, ಮಗ ಕಾಣುತ್ತಾನೆ, ಉಣ್ಣುವ ಅನ್ನ ಕಾಣುತ್ತದೆ. ಆಸೆ ಆಗುತ್ತಿರಲಿಲ್ಲವೆಂದಲ್ಲ. ಆದರೆ ಕೊಟ್ಟ ಮಾತು, ಅದೂ ತನಗೆ ತಾನೇ ಕೊಟ್ಟುಕೊಂಡದ್ದು. ಮುಟ್ಟಿ, ಸುತ್ತಿ, ಮತ್ತೆ ಗೂಡಿಗೆ ಸೇರಿಸುತ್ತಿದ್ದಳು.

ಶಿವರಾತ್ರಿ ಮುಗಿದ ವಾರ ಫ್ಲಾರೆನ್ಸ ಆಪರೇಷನ್ ಆದವರನ್ನು ನೋಡಿಕೊಂಡು ಹೋಗಲು ಔರಾದಿನ ಬಸ್ಸಿನಲ್ಲಿ ಸಂತಪುರಕ್ಕೆ ಬಂದಳು. ಬರಿಗಣ್ಣಲ್ಲಿ ಕೂತು ಕಾಳು ಬೇರ್ಪಡಿಸುತ್ತಿದ್ದ ಶೇವಂತಾಬಾಯಿಯನ್ನು ಕಂಡು ಅವಳ ಪಿತ್ತ ನೆತ್ತಿಗೇರಿತು.

"ಮೂರ ತಿಂಗಳಾಯ್ತಲ್ರಿ! ದೊಡ್ಡ ಡಾಕ್ಟರು ಕಣ್ಣ ಕೊಟ್ಟಿದ್ದು ಗೂಡಿನಾಗ ಇಡ್ಲಾಕೇನು?"

"ಇನ್ನಾ ಅಕಿ ಬಂದಿಲ್ರಿ."

ಅಷ್ಟೇ ಹೇಳಿದಳು. ಆ ಧ್ವನಿ ಕೇಳಿ ಫ್ಲಾರೆನ್ಸಳ ಸಿಟ್ಟು ಎಲ್ಲಿ ಹೋಯಿತೋ ಏನೋ. ಅಲ್ಲೇ ಕಟ್ಟೆಯ ಮೇಲೆ ಕೂತು ಚೀಲದಿಂದ ಒಂದು ಕಾರ್ಡು ತೆಗೆದು ಮರಾಠಿಯಲ್ಲಿ ಬರೆಯತೊಡಗಿದಳು. ಮಾಣಿಕ ಹತ್ತಿರ ಬಂದು, "ಬ್ಯಾಡ್ರಿ ನರ್ಸಬಾಯಿ, ಅಕಿಗಿ ಬರ್ಲಾಕ ಆಗಂಗಿಲ್ಲ" ಎಂದು ಗೊಣಗಿದ. ಫ್ಲಾರೆನ್ಸ ಅವನನ್ನು ದುರುಗುಟ್ಟಿ ನೋಡಿ ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಿದಳು. ನಿಮ್ಮ ತಾಯಿ ನಿಮ್ಮ ಮುಖ ನೋಡದೆ ಚಷ್ಮಾ ಹಾಕುವುದಿಲ್ಲ ಎನ್ನುತ್ತಾರೆ. ನೀವು ಬರುವವರೆಗೂ ಅವರು ಕುರುಡರೇ. ಅಷ್ಟೇ ಇತ್ತು ಅದರಲ್ಲಿ.

ಯುಗಾದಿಗೆ ಮೂರು ದಿನವಿದ್ದಾಗ, ಮಧ್ಯಾಹ್ನದ ಊಟ ಮುಗಿದ ಹೊತ್ತಿನಲ್ಲಿ ಅಂಗಳದಲ್ಲಿ "ಅವ್ವಾ" ಎಂಬ ಕೂಗು ಕೇಳಿತು. ಶೇವಂತಾಬಾಯಿಯ ಕೈಯಲ್ಲಿದ್ದ ಮೊರ ಕೆಳಗೆ ಬಿದ್ದು ಕಾಳೆಲ್ಲ ಚೆಲ್ಲಿತು.

"ಅಲ್ಲೇ ನಿಂದ್ರು! ಇನ್ನೊಂದ ಮಾತ ಆಡಬ್ಯಾಡ. ಯಾರೂ ಬಾಯಿ ಬಿಡಬ್ಯಾಡ್ರಿ. ಧ್ವನಿ ಕೇಳಿ ಇಷ್ಟ ವರ್ಷ ಗುರ್ತ ಹಿಡದೀನಿ, ಇವತ್ತ ಕಣ್ಣಲೇ ಹಿಡಿತೇನಿ."

ಗೋಡೆ ಹಿಡಿದು ಒಳಗೆ ಹೋದಳು, ಕುಪ್ಪಸದ ತುಂಡು ಬಿಚ್ಚಿದಳು, ಚಷ್ಮಾ ಸಿಕ್ಕಿಸಿಕೊಂಡಳು. ಕಣ್ಣು ಮುಚ್ಚಿಕೊಂಡೇ ಹೊಸ್ತಿಲಿಗೆ ಬಂದು ನಿಂತಳು. ಆಮೇಲೆ ಕಣ್ಣು ತೆರೆದಳು.

ಎಲ್ಲವೂ ದೊಡ್ಡದಾಗಿ, ಮೂಗಿಗೇ ತಾಗುವಷ್ಟು ಹತ್ತಿರ ಬಂದು ನಿಂತಿತ್ತು. ಅಂಗಳದ ಬಿಸಿಲು, ಬಿಸಿಲಿನಲ್ಲಿ ಇಬ್ಬರು. ಮುಂದೆ ನಿಂತವಳ ಮೇಲೆ ಕಣ್ಣು ನೆಟ್ಟಿತು. ಅದೇ ಅಗಲ ಹಣೆ, ಅದೇ ತುಂಬಿದ ಕೆನ್ನೆ, ಎಣ್ಣೆ ಹಚ್ಚಿ ಹೆಣೆದ ಅದೇ ಕಪ್ಪು ಜಡೆ. ಶೇವಂತಾಬಾಯಿ ಎಡವುತ್ತ ಓಡಿಹೋಗಿ ಅವಳ ಗದ್ದ ಹಿಡಿದಳು.

"ಶಾಲೂ! ನನ್ನವ್ವಾ, ಕೂದಲೆಳಿಯಷ್ಟೂ ಬದಲಾಗಿಲ್ಲಲ್ಲ ನೀ!"

ಅವಳು ಶಾಲುಬಾಯಿಯಾಗಿರಲಿಲ್ಲ. ಅಂದು ಮಡಿಲಲ್ಲಿದ್ದ ಕೂಸು, ಈಗ ಹದಿನಾಲ್ಕರ ಹುಡುಗಿ ಕೌಸಲ್ಯಾ. ಅವಳು ಗಾಬರಿಯಾಗಿ ಹಿಂದಕ್ಕೆ ತಿರುಗಿ ತಾಯಿಯ ಮುಖ ನೋಡಿದಳು. ಹಿಂದೆ ನಿಂತ ಶಾಲುಬಾಯಿ, ಏನೂ ಹೇಳಬೇಡ ಎಂದು ತಲೆಯಾಡಿಸಿದಳು. ಅದು ಶೇವಂತಾಬಾಯಿಗೆ ಕಾಣಲಿಲ್ಲ. ಅವಳ ಕೈ ಗದ್ದದಿಂದ ಭುಜಕ್ಕೆ, ಭುಜದಿಂದ ಹುಡುಗಿಯ ಎಡಗೈಗೆ ಇಳಿಯಿತು. ಕಿರುಬೆರಳು ನೆಟ್ಟಗಿತ್ತು.

ಅವಳ ಕೈ ನಿಂತುಬಿಟ್ಟಿತು. ತಲೆ ಎತ್ತಿ ಹಿಂದೆ ನಿಂತವಳನ್ನು ನೋಡಿದಳು. ಬತ್ತಿದ ಹೆಂಗಸು, ಮುಂದಲೆ ನರೆತಿತ್ತು. ಮುಖದ ತುಂಬ ಸಿಡುಬಿನ ಕುಳಿ, ಒಂದು ಹುಬ್ಬೇ ಇರಲಿಲ್ಲ. ಸೆರಗನ್ನು ಬಾಯಿಯವರೆಗೆ ಎಳೆದುಕೊಂಡು ನಿಂತಿದ್ದಳು.

"ನೀವ್ ಯಾರ್ರಿ?" ಎಂದು ಶೇವಂತಾಬಾಯಿ ಕೇಳಿದಳು.

ಆ ಹೆಂಗಸು ಎಡಗೈ ಮುಂದೆ ಚಾಚಿದಳು. ಕಿರುಬೆರಳು ಸೊಟ್ಟಗಿತ್ತು.

"ನಾ ಅವ್ವಾ," ಎಂದಳು. "ಪೋಲಿಸ್ ಆಕ್ಷನ್ ಆದ ಮುಂದಿನ ವರ್ಷ ನಮ್ಮೂರಾಗ ದೇವಿ ಎದ್ದಿದ್ದಳು. ಜೀವ ಉಳೀತು, ಮಾರಿ ಹೋಯ್ತು. ನಿನಗ ಹ್ಯಾಂಗೂ ಕಾಣ್ತಿದ್ದಿಲ್ಲ. ಹೇಳಬ್ಯಾಡ್ರಿ ಅಂತ ಅಣ್ಣಗೂ, ಓಣಿಯವರಿಗೂ ಆಣಿ ಹಾಕಿದ್ದೆ. ಚೀಟಿನೂ ಇಲ್ಲ, ಹತ್ತಿನೂ ಇಲ್ಲ ಅವ್ವಾ. ನಿನ್ನ ನೆನಪಿನಾಗರ ನನ್ನ ಮಾರಿ ಮೊದಲಿನಂಗ ಇರ್ಲಿ ಅನಿಸ್ತು."

ಶೇವಂತಾಬಾಯಿ ಚಷ್ಮಾ ತೆಗೆದು ಕೈಯಲ್ಲಿ ಹಿಡಿದುಕೊಂಡು ಅಲ್ಲೇ ನೆಲದ ಮೇಲೆ ಕುಸಿದು ಕೂತಳು. ಚಷ್ಮಾ ಇಲ್ಲದೆ ಎಲ್ಲ ಮತ್ತೆ ಕಲಸಿಹೋಯಿತು, ಮಗಳ ಧ್ವನಿ ಒಂದೇ ಉಳಿಯಿತು, ಹದಿನೈದು ವರ್ಷದ ಹುಡುಗಿಯ ಧ್ವನಿ. ಹಾಗೆಯೇ ಇದ್ದುಬಿಡೋಣ ಎಂದು ಒಂದು ಗಳಿಗೆ ಅವಳಿಗೆ ನಿಜವಾಗಿಯೂ ಅನ್ನಿಸಿತು. ಮಗಳು ಎದುರಿಗೆ ಬಂದು ಕೂತಳು. ತಾಯಿಯ ಕೈ ತಾನಾಗಿ ಮೇಲೆ ಎದ್ದಿತು. ಈ ಸಲ ಶಾಲುಬಾಯಿ ಅದನ್ನು ನಡುವೆ ಹಿಡಿಯಲಿಲ್ಲ, ಬೆವರಿನ ಮಾತು ಎತ್ತಲಿಲ್ಲ. ತಾನೇ ಆ ಕೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು. ಹೆಸರು ಯಾವುದು ಉದ್ದು ಯಾವುದು ಎಂದು ಬಲ್ಲ ಬೆರಳುಗಳು ಒಂದೊಂದು ಕುಳಿಯ ಹತ್ತಿರವೂ ನಿಂತು, ತಡವಿ, ಮುಂದೆ ಹೋದವು.

ಆಮೇಲೆ ಶಾಲುಬಾಯಿ ತಾಯಿಯ ಕೈಯಿಂದ ಚಷ್ಮಾ ತೆಗೆದುಕೊಂಡಳು. ಒಂದು ಕಿವಿಗೆ, ಇನ್ನೊಂದು ಕಿವಿಗೆ, ಕೂಸಿಗೆ ಕುಲಾವಿ ಕಟ್ಟಿದ ಹಾಗೆ ನಿಧಾನವಾಗಿ ಸಿಕ್ಕಿಸಿದಳು. ಬಾಯಿಗೆ ಎಳೆದುಕೊಂಡಿದ್ದ ಸೆರಗನ್ನು ಹಿಂದಕ್ಕೆ ಸರಿಸಿದಳು.

"ಈಗ ನೋಡವ್ವಾ. ನಿನ್ನ ಮಗಳು ಹಿಂಗ ಅದಾಳ."

ಶೇವಂತಾಬಾಯಿ ನೋಡಿದಳು. ನೋಡುತ್ತ ನೋಡುತ್ತ ಅತ್ತಳು. ಫ್ಲಾರೆನ್ಸ ಹೇಳಿದ್ದ ಆರು ವಾರ ಮುಗಿದು ತಿಂಗಳುಗಳೇ ಆಗಿದ್ದವು, ಬ್ಯಾಡ ಅನ್ನುವವರು ಯಾರೂ ಇರಲಿಲ್ಲ. ಕಣ್ಣೀರಿಗೆ ಗಾಜು ಮಂಜಾದಾಗಲೆಲ್ಲ ಶಾಲುಬಾಯಿಯೇ ಚಷ್ಮಾ ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ತಾಯಿಯ ಕಣ್ಣಿಗೆ ಹಾಕುತ್ತಿದ್ದಳು.