ಟೆಂಟಿನಲ್ಲಿ ಅಣ್ಣತಮ್ಮಂದಿರಾದ ಒಬ್ಬ ನಟ

ಹಾಲಿವುಡ್ಡಿನ ಮೊದಮೊದಲ ಕಾಲದ ಒಬ್ಬ ಪೋಷಕ ನಟನ ಬಗ್ಗೆ ಈಚೆಗೆ ಒಂದು ಇಂಗ್ಲಿಷ್ ಲೇಖನ ಓದಿದೆ. ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಓದಿದ್ದರಿಂದ ಎರಡು ದಿನ ಹಿಡಿಯಿತು. ನೂರಾರು ಚಿತ್ರಗಳಲ್ಲಿ ಆತ ಕಳ್ಳ, ನ್ಯಾಯಾಧೀಶ, ಸಿರಿವಂತರ ಮನೆಯ ಆಳು, ಇಲ್ಲವೇ ಗುಂಪಿನಲ್ಲೊಬ್ಬ. ಆತನನ್ನು ಯಾವ ಪ್ರೇಕ್ಷಕನೂ ನೆನಪಿಟ್ಟುಕೊಳ್ಳಲಿಲ್ಲ ಎಂದು ಲೇಖಕರು ಮುಗಿಸಿದ್ದಾರೆ. ಇದನ್ನು ನಾನು ಒಪ್ಪುವುದಿಲ್ಲ. ಅವರು ನಮ್ಮೂರು ಅರಕಲಗೂಡಿನಲ್ಲಿ ವಿಚಾರಿಸಿಲ್ಲ.

ನಮ್ಮೂರ ಟೆಂಟು ಸಿನಿಮಾಕ್ಕೆ ಕನ್ನಡ ಚಿತ್ರ ಸಿಗದ ವಾರ ಹಾಲಿವುಡ್ಡಿನ ಸವೆದ ರೀಲುಗಳು ಬರುತ್ತಿದ್ದವು. ಈ ನಟನ ಮುಖವೂ ಅವುಗಳಲ್ಲಿ ಮತ್ತೆ ಮತ್ತೆ ಕಾಣುತ್ತಿತ್ತು; ಆದರೆ ನಟರ ಹೆಸರುಗಳಿರುವ ಭಾಗ ಎಂದೋ ಹರಿದುಹೋಗಿರುತ್ತಿತ್ತು. ಪರದೆಯ ಪಕ್ಕ ನಿಂತು ಕಥೆಯನ್ನು ಕನ್ನಡದಲ್ಲಿ ಹೇಳಲು ಒಬ್ಬರಿದ್ದರು. ನನಗಿಂತ ಐದಾರು ವರ್ಷ ದೊಡ್ಡವರು. ಹಗಲು ಹೊಗೆಸೊಪ್ಪನ್ನು ಬೆಂಕಿಯ ಕಾವಿನಲ್ಲಿ ಬೇಯಿಸಿ ಒಣಗಿಸುವ ಕೆಲಸ. ಇಂಗ್ಲಿಷ್ ಅವರಿಗೂ ಬರುತ್ತಿರಲಿಲ್ಲ. ಹೋದ ವಾರ ಗುಂಡೇಟಿಗೆ ಸತ್ತ ಕಳ್ಳ ಈ ವಾರ ನ್ಯಾಯಾಧೀಶನಾಗಿ ಕುಳಿತರೆ ಜನ ಸುಮ್ಮನಿರುತ್ತಾರೆಯೆ?

"ಸತ್ತೋನು ಎದ್ಬಂದ್ನಾ ಅಣ್ಣೋ?"

"ಇವ್ನು ಅವ್ನ ಅಣ್ಣ ಕಣ್ರಯ್ಯ. ತಮ್ಮ ಕೆಟ್ಟೋದ, ಇವ್ನು ಓದ್ಕಂಡ."

ಹೀಗೆ ಒಬ್ಬನೇ ನಟ ಆರು ಮಂದಿ ಅಣ್ಣತಮ್ಮಂದಿರಾದ. "ಇವತ್ತು ಯಾವ ತಮ್ಮ ಬತ್ತಾನೆ?" ಎಂದು ಕೇಳಿಯೇ ಹೆಂಗಸರು ಟಿಕೆಟ್ ತೆಗೆಯುತ್ತಿದ್ದರು.

ಆಗ ನಾನು ಅಚ್ಚಾದದ್ದನ್ನೆಲ್ಲ ನಂಬುತ್ತಿದ್ದೆ. ಹಾಸನದ ಗ್ರಂಥಾಲಯದಲ್ಲಿ ಸಿನಿಮಾ ಪುಸ್ತಕವೊಂದರಲ್ಲಿ ಆ ನಟನ ಫೋಟೋಗಳನ್ನು ನೋಡಿ ಬಂದವನು, ಒಂದು ಸಂಜೆ ಆಟದ ನಡುವೆ ಎದ್ದು ನಿಂತು, ಆ ಅಣ್ಣತಮ್ಮಂದಿರೆಲ್ಲ ಒಬ್ಬನೇ ನಟನೆಂದು ಕೂಗಿದೆ. ಇಡೀ ಟೆಂಟು ಕಥೆ ಹೇಳುತ್ತಿದ್ದವರನ್ನು ನೋಡಿ ನಕ್ಕಿತು. ಅವರು ಹೊರಗೆ ನಡೆದರು. ಮತ್ತೆಂದೂ ಕಥೆ ಹೇಳಲಿಲ್ಲ. ನನ್ನೊಡನೆ ಮಾತನ್ನೂ ಆಡಲಿಲ್ಲ.

ಈಗ ಅವರಿರುವುದು ಹೊಳೆನರಸೀಪುರದಲ್ಲಿ, ಮಗಳ ಮನೆಯಲ್ಲಿ. ಲೇಖನ ಓದಿ ಮುಗಿಸಿದ ಮರುದಿನ ಬಸ್ಸು ಹತ್ತಿದೆ. ಇಬ್ಬರಲ್ಲಿ ಒಬ್ಬರು ಹೋಗುವ ಮೊದಲು ಅವರು ನನ್ನನ್ನು ಮಾತನಾಡಿಸಬೇಕಿತ್ತು; ಅಷ್ಟೇ ನನ್ನ ಆಸೆ.

ಜಗಲಿಯಲ್ಲಿ ಕುಳಿತಿದ್ದರು. ಕಣ್ಣು ಮಂಜಾಗಿತ್ತು.

"ಯಾರು?"

"ನಾನಣ್ಣ. ಅವತ್ತು ಟೆಂಟಲ್ಲಿ ಎದ್ದು ನಿಂತೋನು."

"ಇನ್ನೂ ಕೂತಿಲ್ವೇನ್ಲಾ?" ಎಂದರು.

ಕುಳಿತೆ. ತಪ್ಪಾಯಿತೆಂದೆ.

"ನೀನ್ ಏಳಿದ್ದು ನಿಜಾನೇ ಕಣ್ಲಾ. ಆಟ ಮುಗುದ್ಮ್ಯಾಲೆ ನನ್ ಕಿವೀಲಿ ಏಳ್ಬೋದಿತ್ತು."

ಫೋನು ತೆಗೆದು, ಆ ನಟನಿರುವ ಹಳೆಯ ಚಿತ್ರವೊಂದನ್ನು ಹಾಕಿದೆ.

"ನಂಗ್ ಕಾಣಾಕಿಲ್ಲ. ಏನ್ ಮಾಡ್ತಾವ್ನೆ ಅಂತ ನೀನೇ ಏಳು."

"ಬಾಗಿಲು ತೆಗೆದ."

"ಎಂಗ್ ತಗ್ದ? ಬಂದೋರ್ ಮ್ಯಾಲೆ ಸಿಟ್ಟಿತ್ತಾ, ಭಯ ಇತ್ತಾ?"

ನಾನು ಗಮನಿಸಿರಲಿಲ್ಲ.

"ಬೋ ಓದ್ದೋನು ಕಣಪ್ಪ ನೀನು!" ಎಂದು ನಕ್ಕರು. ನನ್ನ ಮೊಣಕಾಲು ತಟ್ಟಿ, "ಇನ್ನೊಂದ್ಸಲ ಆಕು. ಈ ಸಲ ನೋಡ್ಕಂಡ್ ಕತೆ ಏಳು" ಎಂದರು.